ಮನೆ ಮುಂದಿನ ಓಮ್ನಿ ತೆಗೆಸೋಕೆ ಐದು ತಿಂಗಳು

ನಗರಸಭೆಯವರು ನೋಟಿಸು ಅಂಟಿಸಿದ್ದು ಮನೆ ಬಾಗಿಲಿಗಲ್ಲ, ಗಾಡಿಯ ಮುಂದಿನ ಗಾಜಿಗೆ. 2025ರ ಜೂನ್ ತಿಂಗಳು, ಚಿಕ್ಕಮಗಳೂರಿನ ಮಳೆ. ನಾನು ಶಾಲೆ ಮುಗಿಸಿ ಬರೋ ಹೊತ್ತಿಗೆ ಅರ್ಧ ಅಕ್ಷರ ಕರಗಿ ವೈಪರ್ ಮೇಲೆ ನೀಲಿ ನೀರಾಗಿ ನಿಂತಿತ್ತು. ಓದೋಕೆ ಸಿಕ್ಕಿದ್ದು ಇಷ್ಟು: ಸಾರ್ವಜನಿಕ ರಸ್ತೆಯಲ್ಲಿ ಬಹುಕಾಲದಿಂದ ನಿಲ್ಲಿಸಿರುವ ವಾಹನ, ಚರಂಡಿ ಸ್ವಚ್ಛತೆಗೆ ಅಡ್ಡಿ, ಏಳು ದಿನದೊಳಗೆ ತೆರವುಗೊಳಿಸತಕ್ಕದ್ದು.

ಗಾಡಿ ಅಂದ್ರೆ ಅಪ್ಪನ ಮಾರುತಿ ಓಮ್ನಿ. ಕೆಎ-18, 2003ರ ನೋಂದಣಿ. ಕಲ್ಯಾಣನಗರದ ನಮ್ಮ ಮನೆ ಕಾಂಪೌಂಡಿಗೆ ಒತ್ತಿಕೊಂಡು, ಎರಡು ಚಕ್ರ ಚರಂಡಿಯ ಚಪ್ಪಡಿ ಮೇಲೆ, ಎರಡು ಚಕ್ರ ರಸ್ತೆ ಮೇಲೆ, 2018ರಿಂದ ನಿಂತಲ್ಲೇ ನಿಂತಿತ್ತು. 2019ರಲ್ಲಿ ಅಪ್ಪ ಹೋದರು. ಆಮೇಲೆ ಆಯುಧಪೂಜೆ ದಿನ ಅಮ್ಮ ಅರಿಶಿನ ಕುಂಕುಮ ಹಚ್ಚೋದು ಬಿಟ್ಟರೆ ಅದನ್ನು ಮುಟ್ಟಿದವರಿಲ್ಲ. ಕಿಟಕಿಯ ರಬ್ಬರಿಗೆ ಪಾಚಿ ಕಟ್ಟಿತ್ತು. ಹಿಂದಿನ ಬಂಪರಿನ ಸಂದಿಯಲ್ಲಿ ಒಂದು ಜರಿಗಿಡ ಪ್ರತಿ ಮಳೆಗಾಲವೂ ಎಲೆ ಬಿಟ್ಟು, ಬೇಸಿಗೆಗೆ ಒಣಗಿ, ಮತ್ತೆ ಚಿಗುರುತ್ತಿತ್ತು.

ನಮ್ಮ ಬೀದಿಯೊಂದರಲ್ಲೇ ಇಂಥ ಇನ್ನೂ ಮೂರು ಗಾಡಿ ಇವೆ. ಅವುಗಳ ಮನೆಯವರಿಗೂ ಇವತ್ತಲ್ಲ ನಾಳೆ ಇದೇ ಕಾಗದ ಬರುತ್ತೆ. ನಾನು ಸುತ್ತಿದ ಸುತ್ತಿನಲ್ಲಿ ಅರ್ಧದಷ್ಟಾದರೂ ಅವರಿಗೆ ಉಳೀಲಿ ಅಂತ ಬರೀತಿದ್ದೇನೆ.

ಮೊದಲು ಬಂದದ್ದು ಸಿಟ್ಟು. ಯಾರು ಕಂಪ್ಲೇಂಟ್ ಕೊಟ್ಟಿರಬಹುದು? ಎದುರು ಮನೆಯವರು ಆ ಬೇಸಿಗೆಯಲ್ಲಿ ಹೊಸ ಕಾರು ತಂದಿದ್ದರು, ತಿರುಗಿಸೋಕೆ ಕಷ್ಟ ಪಡ್ತಿದ್ದರು. ಅವರೇ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ಮಾರನೇ ದಿನದಿಂದ ಅವರನ್ನು ನೋಡಿ ನಗೋದು ನಿಲ್ಲಿಸಿದೆ. ಪಾಪ, ಅವರು ಮಾತ್ರ ಎಂದಿನಂತೆ "ಸ್ಕೂಲಿಗಾ ಟೀಚರೇ?" ಅಂತ ಕೇಳ್ತಾನೇ ಇದ್ದರು.

ಎರಡನೇ ದಿನ ಅರ್ಧ ದಿನ ರಜೆ ಹಾಕಿ ನಗರಸಭೆಗೆ ಹೋದೆ. ವಾದ ಮಾಡೋಣ ಅಂತಲೇ ಹೋಗಿದ್ದು. ನಮ್ಮ ಕಾಂಪೌಂಡಿನ ಮುಂದಿನ ಹತ್ತಡಿ ನಮ್ಮದೇ ಅನ್ನೋ ನಂಬಿಕೆಯಲ್ಲೇ ನಾವೆಲ್ಲ ಬೆಳೆದವರು. ಹೂಕುಂಡ ಇಟ್ಟು, ಕಲ್ಲಿಟ್ಟು, ಒಡೆದ ಬಕೆಟ್ ಇಟ್ಟು ಜಾಗ ಕಾಯ್ತೇವೆ. ಆರೋಗ್ಯ ನಿರೀಕ್ಷಕರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡು ಸಮಾಧಾನದಿಂದಲೇ ಹೇಳಿದರು: "ಮೇಡಂ, ನಿಮ್ಮ ಸೈಟು ಕಾಂಪೌಂಡಿಗೆ ಮುಗೀತು. ಅದರಾಚೆ ಚರಂಡಿನೂ ರಸ್ತೆಗೆ ಸೇರಿದ್ದೇ, ಚಪ್ಪಡಿನೂ ರಸ್ತೆಗೆ ಸೇರಿದ್ದೇ. ಚಪ್ಪಡಿ ನೀವೇ ದುಡ್ಡು ಕೊಟ್ಟು ಹಾಕಿಸಿರಬಹುದು, ಆದ್ರೂ ಅಷ್ಟೇ."

"ಹಾಗಾದ್ರೆ ರಸ್ತೇಲಿ ಗಾಡಿ ನಿಲ್ಲಿಸೋಕೇ ಇಲ್ವಾ ಸರ್?"

"ನಿಲ್ಲಿಸಿ, ಓಡಾಡೋ ಗಾಡಿ ನಿಲ್ಲಿಸಿ. ಬಿಟ್ಟು ಹೋದ ಗಾಡಿಗೆ ಬೇರೆ ಲೆಕ್ಕ. ಕಾನೂನಿನಲ್ಲಿ ಇರೋದು ಹತ್ತು ಗಂಟೆ. ನಿಮ್ಮದು ಏಳು ವರ್ಷ."

ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿ ಓದಿದೆ. ಅವರು ಹೇಳಿದ್ದು ಮೋಟಾರು ವಾಹನ ಕಾಯ್ದೆ 1988ರ 127ನೇ ಸೆಕ್ಷನ್ನು. ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ವಾರಸುದಾರರಿಲ್ಲದ ಹಾಗೆ ಬಿಟ್ಟ ಗಾಡಿಯನ್ನು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಎಳೆಸಿಕೊಂಡು ಹೋಗಬಹುದು, ಚಕ್ರಕ್ಕೆ ಬೀಗ ಹಾಕಿಸಬಹುದು. ಎಳೆಸಿದ ಖರ್ಚು ಮಾಲೀಕರ ತಲೆ ಮೇಲೆ, ದಂಡ ಬೇರೆ. ರಸ್ತೆಗೆ ಅಡ್ಡಿ ಅಂತ ಕೇಸಾದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ನಿನಲ್ಲಿ 5,000 ರೂಪಾಯಿವರೆಗೆ ದಂಡ ಇದೆ. ಹಳೇ ಐಪಿಸಿಯಲ್ಲಿ ಇದೇ ತಪ್ಪಿಗೆ 200 ರೂಪಾಯಿ ಇತ್ತು. ವಾದಕ್ಕೆ ನನ್ನ ಹತ್ತಿರ ಉಳಿದದ್ದು ಏನೂ ಇಲ್ಲ.

ಇನ್ನೊಂದು ಮಾತು ಅವರು ಕೇಳಿದ್ದರು, ಅದನ್ನೂ ಹೇಳಿಬಿಡ್ತೇನೆ. "ಮನೆ ನಕ್ಷೆಯಲ್ಲಿ ಪಾರ್ಕಿಂಗ್ ತೋರಿಸಿರ್ತೀರಲ್ಲ, ಸದ್ಯಕ್ಕೆ ಅಲ್ಲಿ ನೂಕಿ ನಿಲ್ಲಿಸಿ." ತೋರಿಸಿದ್ದೇವೆ. 2017ರಲ್ಲಿ ಆ ಜಾಗಕ್ಕೆ ಗೋಡೆ ಎಬ್ಬಿಸಿ ಬಾಡಿಗೆಗೆ ಕೊಟ್ಟೆವು. ನಕ್ಷೆಯಲ್ಲಿ ಕಾರು ನಿಲ್ಲಬೇಕಾದ ಕಡೆ ಈಗ ಬಾಡಿಗೆಯವರ ಗ್ಯಾಸ್ ಒಲೆ ಇದೆ. ಓಮ್ನಿ ಬೀದಿಗೆ ಬಿದ್ದದ್ದು ಹಾಗೆ. ನಾನು ತಲೆ ಆಡಿಸಿ ಸುಮ್ಮನಾದೆ.

ಅವತ್ತು ನಾನು ಮಾಡಿದ ಒಂದೇ ಬುದ್ಧಿವಂತಿಕೆ: ಬಾಯಿಮಾತಿನಲ್ಲಿ ಟೈಮ್ ಕೇಳದೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಕೊಟ್ಟೆ. ಗಾಡಿ ತೀರಿಕೊಂಡ ತಂದೆಯವರ ಹೆಸರಿನಲ್ಲಿದೆ, ದಾಖಲೆ ಸರಿಪಡಿಸಿ ತೆರವು ಮಾಡ್ತೇವೆ, ಕಾಲಾವಕಾಶ ಬೇಕು ಅಂತ. ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಂಡೆ. ಮುಂದಿನ ಐದು ತಿಂಗಳು ಗಾಡಿ ಬೀದಿಯಲ್ಲೇ ಉಳಿದದ್ದು ಆ ಸೀಲಿನ ಬಲದಿಂದ. ಪ್ರತಿ ತಿಂಗಳೂ ಎಲ್ಲಿಗೆ ಬಂತು ಅಂತ ಒಂದು ಸಾಲು ಬರೆದು ಕೊಟ್ಟು ಬರ್ತಿದ್ದೆ.

ಅದೇ ವಾರ ಆಶಾ ಕಾರ್ಯಕರ್ತೆ ಲಾರ್ವಾ ಸಮೀಕ್ಷೆಗೆ ಬಂದರು. ಮನೆ ಹಿಂದಿನ ಡ್ರಮ್ಮು, ಫ್ರಿಜ್ಜಿನ ಟ್ರೇ ಎಲ್ಲ ನೋಡಿ ಹೊರಟವರು ಗಾಡಿ ಹತ್ತಿರ ನಿಂತು, ಟಾರ್ಪಾಲಿನ ತಗ್ಗಿನಲ್ಲಿ ನಿಂತ ನೀರಿಗೆ ಟಾರ್ಚ್ ಬಿಟ್ಟರು. "ಇಲ್ನೋಡಿ ಅಕ್ಕ." ನೂಲಿನ ತುಂಡಿನಂಥ ಹುಳುಗಳು, ತಲೆ ಕೆಳಗಾಗಿ ಕುಣೀತಿದ್ದವು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿದಾಗ ಸೊಳ್ಳೆ ಬೆಳೆಯೋಕೆ ಬಿಟ್ಟ ನಗರದ ಮನೆಗೆ 400 ರೂಪಾಯಿ ದಂಡ ಅಂತ ಮಾಡಿತ್ತು. ಅವರು ದಂಡ ಬರೆಸಲಿಲ್ಲ, ನೀರು ಚೆಲ್ಲಿಸಿ ಟಾರ್ಪಾಲು ತೆಗೆಸಿದರು. ಗಾಡಿ ಕಾಂಪೌಂಡಿನ ಒಳಗೆ ಇಟ್ಟುಕೊಂಡರೆ ಯಾರೂ ಕೇಳೋದಿಲ್ಲ ಅಂದುಕೊಂಡವರಿಗೆ ಹೇಳ್ತೇನೆ, ಈ ದಂಡಕ್ಕೆ ಒಳಗೆ ಹೊರಗೆ ಅನ್ನೋ ಭೇದ ಇಲ್ಲ.

ಸರಿ, ಗಾಡಿಯನ್ನು ಏನು ಮಾಡೋದು? ಅಮ್ಮನ ಆಸೆ, ರಿಪೇರಿ ಮಾಡಿಸಿ ಮತ್ತೆ ಓಡಿಸೋದು. ಮೆಕ್ಯಾನಿಕ್ ಬಂದು ಹ್ಯಾಂಡ್‌ಬ್ರೇಕ್ ಎಳೆದು ನೋಡಿ ನಕ್ಕ. ಏಳು ವರ್ಷ ಎಳೆದೇ ಇಟ್ಟಿದ್ದರಿಂದ ಹಿಂದಿನ ಎರಡೂ ಚಕ್ರ ಕಚ್ಚಿಕೊಂಡಿದ್ದವು. (ಬಹಳ ದಿನ ನಿಲ್ಲಿಸೋ ಗಾಡಿಗೆ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಹ್ಯಾಂಡ್‌ಬ್ರೇಕ್ ಎಳೀಬೇಡಿ.) ಅದಕ್ಕಿಂತ ದೊಡ್ಡ ತೊಡಕು ಕಾಗದದ್ದು. 15 ವರ್ಷದ ಆರ್‌ಸಿ 2018ಕ್ಕೇ ಮುಗಿದಿತ್ತು. ನವೀಕರಣದ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ 5,000 ಆಗಿತ್ತು, ತಡ ಮಾಡಿದ್ದಕ್ಕೆ ತಿಂಗಳಿಗೆ 500 ಬೇರೆ. ನಾವು ಹೀಗೆ ಲೆಕ್ಕ ಹಾಕ್ತಾ ಇರುವಾಗಲೇ, ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ ಶುಲ್ಕ 10,000ಕ್ಕೆ ಏರಿತು. ಯಾವ ರೀತಿ ಕೂಡಿದರೂ ಮೊತ್ತ ಗಾಡಿಯ ಬೆಲೆಯನ್ನು ದಾಟಿ ಹೋಗ್ತಿತ್ತು.

ಗುಜರಿಯವನೊಬ್ಬ ಮನೆಗೇ ಬಂದ. 9,000 ಕೊಡ್ತೇನೆ, ಗ್ಯಾಸ್ ಕಟರ್ ತಂದರೆ ಎರಡು ಗಂಟೆ ಕೆಲಸ ಅಂದ. "ಪೇಪರೆಲ್ಲ ಯಾಕಮ್ಮ? ಮನೇಲಿ ಗಂಡಸರು ಇದ್ರೆ ಕರೀರಿ, ಮಾತಾಡ್ತೀನಿ." ಆ ಮಾತಿನ ಮೇಲೇ ಅವನಿಗೆ ಕೊಡಬಾರದು ಅಂತ ಅನ್ನಿಸಿತ್ತು. ನಿಜವಾದ ಕಾರಣ ಬೇರೆ ಇದೆ. ಗಾಡಿ ತುಂಡಾದರೂ ನಂಬರ್ ಅಪ್ಪನ ಹೆಸರಿನಲ್ಲಿ ಬದುಕೇ ಇರುತ್ತೆ. ಚಾಸಿ ನಂಬರಿನ ತಗಡು ಎಲ್ಲೋ ಹೋಗಿ ಇನ್ಯಾವುದೋ ಗಾಡಿಗೆ ಅಂಟಿಕೊಂಡರೆ ಪೊಲೀಸರು ಬರೋದು ನಮ್ಮ ಮನೆಗೆ. ಗಾಡಿ ನಾಶವಾದರೆ 14 ದಿನದೊಳಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು ಅಂತ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತೆ. ಹಾಗಾಗಿ 2021ರ ಗುಜರಿ ನಿಯಮದ ಪ್ರಕಾರ ಸರ್ಕಾರದಲ್ಲಿ ನೋಂದಾಯಿಸಿಕೊಂಡ ಕೇಂದ್ರಕ್ಕೇ ಕೊಡೋದು ಅಂತ ತೀರ್ಮಾನ ಮಾಡಿದೆವು.

ಇಲ್ಲಿಂದ ಕಾಗದದ ಕಥೆ.

ತೀರಿಕೊಂಡವರ ಗಾಡಿಯನ್ನು ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು ಅಂತ ಎಲ್ಲರೂ ಹೇಳಿದರು. ಅದಕ್ಕೆ ಫಾರಂ 31. ಸಾವಾದ ಮೂರು ತಿಂಗಳೊಳಗೆ ಕೊಡಬೇಕಿತ್ತು, ನಾವು ಆರು ವರ್ಷ ದಾಟಿದ್ದೆವು. ಫಾರಂ ತುಂಬಿ, ಅಣ್ಣನಿಂದ ಒಪ್ಪಿಗೆ ಪತ್ರ ಬೆಂಗಳೂರಿನಿಂದ ಕೊರಿಯರ್‌ನಲ್ಲಿ ತರಿಸಿ, ಆರ್‌ಟಿಒ ಕೌಂಟರಿಗೆ ಹೋದ ಮೇಲೆ ಗೊತ್ತಾಯ್ತು: ಹೆಸರು ಬದಲಾಗಬೇಕಾದರೆ ಆರ್‌ಸಿ ಚಾಲ್ತಿಯಲ್ಲಿ ಇರಬೇಕು, ಆರ್‌ಸಿ ಚಾಲ್ತಿಗೆ ಬರಬೇಕಾದರೆ ಗಾಡಿಯನ್ನು ತಪಾಸಣೆಗೆ ತರಬೇಕು. ಚಕ್ರ ತಿರುಗದ ಗಾಡಿಯನ್ನು! ಬೆಂಚಿನ ಮೇಲೆ ಕೂತು ಆ ಫಾರಮ್ಮನ್ನೇ ನೋಡ್ತಾ ಹತ್ತು ನಿಮಿಷ ಕಳೆದೆ.

ದಾರಿ ತೋರಿಸಿದ್ದು ಗುಜರಿ ಕೇಂದ್ರದವರು. ಫೋನ್ ಮಾಡಿದಾಗ ಆ ಕಡೆಯ ಹುಡುಗಿ, ಗುಜರಿಗೇ ಕೊಡೋದಾದರೆ ವರ್ಗಾವಣೆ ಬೇಡ, ಮರಣ ಪ್ರಮಾಣಪತ್ರ, ವಾರಸುದಾರಿಕೆಯ ದಾಖಲೆ, ಉಳಿದವರ ಒಪ್ಪಿಗೆ ಇದ್ದರೆ ಸಾಕು ಅಂದಳು. ಅವರಿಗೆ ಈ ಫೋನನ್ನು ಮೊದಲೇ ಮಾಡಿದ್ದರೆ ನನಗೆ ಮೂರು ವಾರ ಉಳೀತಿತ್ತು. ಗುಜರಿಗೆ ಕೊಡೋರು ಆರ್‌ಟಿಒಗೆ ಹೋಗೋ ಮುಂಚೆ ಕೇಂದ್ರಕ್ಕೆ ಫೋನ್ ಮಾಡಿ. ಅವಳು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಆರ್‌ಸಿಯಲ್ಲಿ ಎಚ್‌ಪಿ ಇದೆಯಾ?"

ಎಚ್‌ಪಿ ಅಂದ್ರೆ ಸಾಲಕ್ಕೆ ಗಾಡಿ ಅಡವು ಇದೆ ಅಂತ ಆರ್‌ಸಿಯಲ್ಲಿ ಬರೆದಿರೋದು. ಇತ್ತು. ಅಪ್ಪ ಸಾಲ ತೆಗೆದು ಕೊಂಡ ಗಾಡಿ. ಸಾಲ 2007ರಲ್ಲೇ ತೀರಿದೆ ಅಂತ ಮನೆಯವರಿಗೆಲ್ಲ ಗೊತ್ತು. ಆದರೆ ಆರ್‌ಸಿ ಪುಸ್ತಕದಿಂದ ಬ್ಯಾಂಕಿನ ಹೆಸರು ತೆಗೆಸಬೇಕು ಅನ್ನೋದು ಅಪ್ಪನಿಗೆ ಹೊಳೆದಿಲ್ಲ. ಹದಿನೆಂಟು ವರ್ಷದ ಹಿಂದೆ ತೀರಿದ ಸಾಲಕ್ಕೆ ಗಾಡಿ ಇನ್ನೂ ಅಡವು.

ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆ. ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ಅಕ್ಕಪಕ್ಕದವರ ಹೇಳಿಕೆ ತಗೊಂಡರು. ಸಾಕ್ಷಿ ಹಾಕಿದವರಲ್ಲಿ ಎದುರು ಮನೆಯವರೂ ಒಬ್ಬರು, ನನಗೆ ಮುಖ ಎತ್ತೋಕಾಗಲಿಲ್ಲ. ಅದು ಸಲೀಸಾಗಿ ಬಂತು. ತೊಡಕಾದದ್ದು ಹೆಸರಿನದು: ಆರ್‌ಸಿಯಲ್ಲಿ ಅಪ್ಪನ ಹೆಸರಿಗೆ ಒಂದು ಇನಿಷಿಯಲ್, ಮರಣ ಪ್ರಮಾಣಪತ್ರದಲ್ಲಿ ಎರಡು. ಇಬ್ಬರೂ ಒಬ್ಬರೇ ಅಂತ 100 ರೂಪಾಯಿಯ ಇ-ಸ್ಟ್ಯಾಂಪ್ ಮೇಲೆ ಅಫಿಡವಿಟ್, ನೋಟರಿ. ನಿಮ್ಮ ಮನೆಯ ಪತ್ರಗಳಲ್ಲೂ ಹೀಗಿದ್ದರೆ ಮೊದಲ ದಿನವೇ ಮಾಡಿಸಿಟ್ಟುಕೊಳ್ಳಿ. ಎರಡು ಪ್ರತಿ.

ಬ್ಯಾಂಕಿನ ಹೆಸರು ಹೇಳೋದಿಲ್ಲ. ಸಾಲ ಕೊಟ್ಟ ಬ್ಯಾಂಕು ಈಗ ಇನ್ನೊಂದರಲ್ಲಿ ಸೇರಿ ಹೋಗಿದೆ, ಶಾಖೆಯೂ ಬೇರೆ ಕಟ್ಟಡಕ್ಕೆ ಹೋಗಿದೆ. ಅಲ್ಲಿನ ಕಂಪ್ಯೂಟರಿನಲ್ಲಿ 2003ರ ಸಾಲವೇ ಇರಲಿಲ್ಲ.

"ಸಾಲ ತೀರಿದ್ದಕ್ಕೆ ಪ್ರೂಫ್ ತನ್ನಿ."

"ಸರ್, ಅದು ನಿಮ್ಮ ಹತ್ರ ಇರಬೇಕಲ್ವಾ?"

"ನಮ್ಮ ಹತ್ರ ಸಾಲ ಇರೋದೇ ತೋರಿಸ್ತಿಲ್ಲ ಮೇಡಂ."

"ಹಾಗಾದ್ರೆ ಇಲ್ಲ ಅಂತ ಬರೆದುಕೊಡಿ."

"ಇಲ್ಲದ್ದನ್ನ ಹೇಗೆ ಬರೆದುಕೊಡೋದು?"

ನಾಲ್ಕು ಸಲ ಹೋದೆ. ನಾಲ್ಕು ಅರ್ಧ ದಿನದ ರಜೆ. ಕೊನೆಗೆ ಅಟ್ಟದ ಮೇಲಿನ ಅಪ್ಪನ ಟ್ರಂಕು ಇಳಿಸಿದೆವು. ಕಾಫಿ ಕ್ಯೂರಿಂಗ್ ವರ್ಕ್ಸ್‌ನ ರಸೀದಿಗಳ ಕಟ್ಟು, ಅದರ ಕೆಳಗೆ ಕರೆಂಟ್ ಬಿಲ್ಲುಗಳು, ಅದರ ಕೆಳಗೆ ಒಂದು ಸಣ್ಣ ಡೈರಿ. ಪ್ರತಿ ಸಲ ಪೆಟ್ರೋಲ್ ಹಾಕಿಸಿದಾಗಲೂ ಕಿಲೋಮೀಟರು, ಲೀಟರು, ರೂಪಾಯಿ, ಮೂರು ಕಾಲಮ್ಮು. ಕೆಲವು ಕಡೆ ನಾಲ್ಕನೇದೂ ಇತ್ತು: "ಆಲ್ದೂರು", "ಶೃಂಗೇರಿ, ಮಗು ವಾಂತಿ". ಆ ಮಗು ನಾನು. ಅಮ್ಮ ಡೈರಿ ಹಿಡಿದು ಕೂತವಳು ಸಂಜೆವರೆಗೂ ಏಳಲಿಲ್ಲ. ಸಾಲದ ಪಾಸ್‌ಬುಕ್ಕು ಸಿಕ್ಕಿದ್ದು ಡೈರಿಯ ರಟ್ಟಿನ ಒಳಗೆ, ಕೊನೆ ಪುಟದಲ್ಲಿ ಸಾಲ ಮುಕ್ತಾಯದ ಮೊಹರು ಸಮೇತ.

ಬ್ಯಾಂಕಿನ ಎನ್‌ಒಸಿ, ಅಡವು ತೀರಿದೆ ಅಂತ ಸಹಿ ಹಾಕಿದ ಫಾರಂ 35 ಎರಡು ಪ್ರತಿ, ಅಲ್ಲಿಂದ ಐದು ವಾರಕ್ಕೆ ಬಂದವು. ಖುಷಿಯಿಂದ ಆರ್‌ಟಿಒಗೆ ಒಯ್ದರೆ ಎನ್‌ಒಸಿಯಲ್ಲಿ ಚಾಸಿ ನಂಬರಿನ ಒಂದು ಅಕ್ಷರ ತಪ್ಪು. ವಾಪಸ್ಸು. ಮತ್ತೆ ಎಂಟು ದಿನ. ಬ್ಯಾಂಕಿನ ಕೌಂಟರ್ ಬಿಡೋ ಮುಂಚೆ ಅಲ್ಲೇ ನಿಂತು ನಂಬರನ್ನು ಅಕ್ಷರ ಅಕ್ಷರ ಓದಿ, ಯಾರು ಹಿಂದಿನಿಂದ ನೂಕಿದರೂ ಸರಿ.

ಹಾಗೆ ಓದಬೇಕಾದರೆ ಗಾಡಿ ಮೇಲಿನ ನಂಬರ್ ನಿಮ್ಮ ಕೈಯಲ್ಲಿ ಇರಬೇಕು. ಅದಕ್ಕಾಗಿ ಒಂದು ಭಾನುವಾರ ಮೆಕ್ಯಾನಿಕ್ ತೋರಿಸಿದ ಜಾಗದಲ್ಲಿ ಬಗ್ಗಿ ಕೂತೆ. ಇಲಿ ಹಿಕ್ಕೆ, ತುಕ್ಕು, ಹಳೇ ಸೀಟಿನ ನಾರು. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ತಗಡನ್ನು ತಿಕ್ಕಿ, ತೆಳು ಕಾಗದ ಇಟ್ಟು ಪೆನ್ಸಿಲ್ ಓರೆಯಾಗಿ ಹಿಡಿದು ಉಜ್ಜಿದರೆ ಒಂದೊಂದೇ ಅಕ್ಷರ ಬಿಳಿಯಾಗಿ ಎದ್ದು ಬಂತು. ಸಣ್ಣವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಮಾಡ್ತಿದ್ದ ಆಟವೇ.

ಇನ್ನೊಂದು ವಿಘ್ನ, ಒಟಿಪಿ. ದಾಖಲೆಯಲ್ಲಿದ್ದದ್ದು ಅಪ್ಪನ ಮೊಬೈಲ್ ನಂಬರ್. ಅವರು ಹೋದ ಮೇಲೆ ರೀಚಾರ್ಜ್ ಮಾಡಿಸದೆ ಸಿಮ್ ಸತ್ತು, ನಂಬರ್ ಇನ್ಯಾರಿಗೋ ಹೋಗಿತ್ತು. ಧೈರ್ಯ ಮಾಡಿ ಆ ನಂಬರಿಗೇ ಕರೆ ಮಾಡಿದೆ. ಎತ್ತಿದವರು, ಒಟಿಪಿ ಅಂತ ಕೇಳಿದ ಕೂಡಲೇ, "ಇಂಥವರನ್ನ ಬೇಕಾದಷ್ಟು ನೋಡಿದೀನಿ" ಅಂತ ಇಟ್ಟುಬಿಟ್ಟರು. ಅವರದ್ದೇನೂ ತಪ್ಪಿಲ್ಲ, ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆ. ದಾಖಲೆಗಳ ಜೊತೆ ಆರ್‌ಟಿಒದಲ್ಲಿ ಅರ್ಜಿ ಕೊಟ್ಟು ನನ್ನ ನಂಬರ್ ಸೇರಿಸಿಕೊಂಡೆ. ಎಚ್‌ಪಿ ತೆಗೆಸೋ ಅರ್ಜಿಯನ್ನೂ ಆವತ್ತೇ ಕೊಟ್ಟೆ. ಸೆಪ್ಟೆಂಬರ್ ಮುಗಿಯೋ ಹೊತ್ತಿಗೆ ಬ್ಯಾಂಕಿನ ಹೆಸರು ಹೋಯಿತು.

ಅಕ್ಟೋಬರ್ 1, ಆಯುಧಪೂಜೆ. ಕೊನೇ ಸಲ ಅಂತ ಅಮ್ಮ ಓಮ್ನಿಯನ್ನು ತೊಳೆಸಿ, ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆಸಿದಳು. ಬೀದಿಯವರೆಲ್ಲ ನೋಡ್ತಿದ್ದರು.

ಬೆಂಗಳೂರಿನ ಹತ್ತಿರದ ಕೇಂದ್ರ ಒಂದೇ ಗಾಡಿಗಾಗಿ ಇಷ್ಟು ದೂರ ಲಾರಿ ಕಳಿಸೋಕೆ ಒಪ್ಪಲಿಲ್ಲ. ಹಾಸನದ ಕಡೆಯಿಂದ ಇನ್ನೊಂದು ಗಾಡಿ ಸಿಗೋವರೆಗೆ ಕಾಯಿರಿ, ಬಾಡಿಗೆ ಹಂಚಿಹೋಗುತ್ತೆ ಅಂದರು. ಮೂರು ವಾರ ಕಾದೆವು. ಅಷ್ಟರೊಳಗೆ ಬೆಲೆ ಮಾತಾಯ್ತು. ಅವರು ಕೊಡೋದು ತೂಕಕ್ಕೆ, ನಿಮ್ಮ ನೆನಪಿಗೆ ಅಲ್ಲ. ಓಮ್ನಿ ಎಂಟುನೂರು ಕೆ.ಜಿ. ಒಳಗೇ. 15,600 ಅಂದರು. ಎಂಜಿನ್ನು, ಬ್ಯಾಟರಿ, ಚಕ್ರ ಎಲ್ಲ ಇರಬೇಕು, ಏನು ಕಳಚಿದ್ದರೂ ಕಡಿತ.

ನವೆಂಬರ್ ಮೊದಲ ವಾರ, ಬೆಳಗ್ಗೆ ಆರೂವರೆಗೆ ಲಾರಿ ಬಂತು. ಹುಡುಗರು ಜಾಕ್ ಕೊಟ್ಟು, ಬ್ರೇಕ್ ಡ್ರಮ್ಮಿಗೆ ಸೀಮೆಎಣ್ಣೆ ಬಿಟ್ಟು, ಸುತ್ತಿಗೆಯಿಂದ ಬಡಿದು ಬಡಿದು ಒಂದು ಗಂಟೆಗೆ ಚಕ್ರ ಬಿಡಿಸಿದರು. ಎಳೆದಾಗ ಟೈರಿನ ಜಾಗದಲ್ಲಿ ನಾಲ್ಕು ಕಪ್ಪು ಗುಳಿ ಉಳಿದವು. ಚಪ್ಪಡಿ ನಡುವೆ ಸೀಳಿತ್ತು. ಗಾಡಿ ಲಾರಿ ಮೇಲೆ ಏರುವಾಗ ಅಮ್ಮ ಹೊರಗೆ ಬರಲೇ ಇಲ್ಲ.

ಅದೇ ಹೊತ್ತಿಗೆ ಪೌರಕಾರ್ಮಿಕರು ಬಂದರು. ಚಪ್ಪಡಿ ಎತ್ತಿ ಚರಂಡಿ ನೋಡಿದರೆ ಮೊಣಕಾಲುದ್ದ ಕೆಸರು. ಸಲಿಕೆ ಹಾಕ್ತಾ ಒಬ್ಬಾಕೆ ಹೇಳಿದಳು: "ಏಳು ವರ್ಷದಿಂದ ಇಲ್ಲಿಗೆ ಬಂದ್ರೆ ಗಾಡಿ ಅಡಿಗೆ ಮಲಗಿ ಕೋಲು ತೂರ್ಸೋದೇ ಆಗಿತ್ತು ಕಣಕ್ಕ. ಹೋದ ಮಳೆಗಾಲದಲ್ಲಿ ನನ್ನ ಕೈ ಕುಯ್ದು ಮೂರು ಹೊಲಿಗೆ ಬಿತ್ತು. ಅವತ್ತೇ ಸಾಹೇಬ್ರಿಗೆ ಹೇಳ್ದೆ." ತೋರಿಸಿದಳು, ಹೆಬ್ಬೆರಳಿನ ಬುಡದಲ್ಲಿ ಬಿಳೀ ಗೆರೆ. ಆ ಗಾಡಿಯ ಮುಂದೆ ದಿನಾ ಬೆಳಗ್ಗೆ ರಂಗೋಲಿ ಹಾಕಿದವಳು ನಾನು. ಒಂದು ಸಲವೂ ಅದರ ಅಡಿಗೆ ಬಗ್ಗಿ ನೋಡಿರಲಿಲ್ಲ. ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದೆ. ಎದುರು ಮನೆಯವರಿಗೂ ಒಂದು ಲೋಟ.

ಲೆಕ್ಕ: 15,600ರಲ್ಲಿ ಲಾರಿ ಬಾಡಿಗೆಯ ನಮ್ಮ ಪಾಲು 4,000 ಕಳೆಯಿತು. ಹಿಂದಿನ ಸೀಟು ಇಲ್ಲ ಅಂತ 400 ಕಡಿತ. ಕೈಗೆ ಬಂದದ್ದು 11,200, ನೇರ ಅಮ್ಮನ ಖಾತೆಗೆ. ನೋಟರಿ, ಸ್ಟ್ಯಾಂಪು, ಕೊರಿಯರ್, ಜೆರಾಕ್ಸ್, ಮೆಕ್ಯಾನಿಕ್, ಶುಲ್ಕ, ಆಟೋ ಎಲ್ಲ ಸೇರಿ ನನ್ನ ಕೈಯಿಂದ ಸುಮಾರು 3,900 ಹೋಗಿದೆ. ರಜೆಗಳನ್ನು ಲೆಕ್ಕ ಹಿಡಿದಿಲ್ಲ. ಗಾಡಿ ಜಮಾ ಆಗಿದ್ದಕ್ಕೆ ಒಂದು ಸರ್ಟಿಫಿಕೇಟ್ ಬರುತ್ತೆ, ಅದನ್ನು ಬಿಡಬೇಡಿ. ಹೊಸ ಗಾಡಿ ನೋಂದಣಿಯಲ್ಲಿ ಸ್ವಂತ ಬಳಕೆಯದಕ್ಕೆ ಶೇ. 25ರವರೆಗೆ ತೆರಿಗೆ ರಿಯಾಯಿತಿ ಅಂತ ಕೇಂದ್ರ ಸರ್ಕಾರದ ನಿಯಮ ಇದೆ. ಆಮೇಲೆ ಗಾಡಿ ಒಡೆದದ್ದಕ್ಕೆ ಇನ್ನೊಂದು ಬರುತ್ತೆ. ಅದೂ ಬಂದ ಮೇಲೆ ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಗಾಡಿ ನಂಬರ್ ಹಾಕಿ ನೋಡಿ, ನೋಂದಣಿ ರದ್ದಾಗಿದೆ ಅಂತ ಕಣ್ಣಾರೆ ಕಾಣೋವರೆಗೆ ಫೈಲು ಮುಚ್ಚಬೇಡಿ. ನಾನು ಎರಡರ ಪ್ರತಿಯನ್ನೂ ನಗರಸಭೆಗೆ ಕೊಟ್ಟು ಸೀಲು ಹಾಕಿಸಿಕೊಂಡಿದ್ದೇನೆ.

ಸೀಟು ಎಲ್ಲಿ ಹೋಯ್ತು ಅಂತೀರಾ? ಲಾರಿ ಬರೋ ಹಿಂದಿನ ರಾತ್ರಿ ಅಮ್ಮ, ಬಾಡಿಗೆಯವರ ಹುಡುಗನನ್ನು ಕರೆದು ಬಿಚ್ಚಿಸಿದ್ದಳು. ಈಗ ಅದು ಹಿತ್ತಲ ಜಗಲಿ ಮೇಲೆ, ಹಳೇ ಬೆಡ್‌ಶೀಟು ಹೊದ್ದುಕೊಂಡು ಕೂತಿದೆ. ಅಮ್ಮ ಅದರ ಮೇಲೆ ಕೂತೇ ಅವರೆಕಾಯಿ ಸುಲೀತಾಳೆ.

ನಕ್ಷೆಯಲ್ಲಿರೋ ಪಾರ್ಕಿಂಗಿನ ವಿಷಯ ಬಾಕಿ ಇದೆ. ಬಾಡಿಗೆ ಕರಾರು ಮಾರ್ಚಿಗೆ ಮುಗಿಯುತ್ತೆ, ಆಗ ನೋಡಬೇಕು. ಅಲ್ಲಿವರೆಗೆ ನನ್ನ ಸ್ಕೂಟರ್ ನಿಲ್ಲೋದು ಅದೇ ರಸ್ತೆಯಲ್ಲಿ, ಚಪ್ಪಡಿ ಬಿಟ್ಟು ಸ್ವಲ್ಪ ಈಚೆಗೆ. ರಾತ್ರಿ ಒಂಬತ್ತಕ್ಕೆ ನಿಲ್ಲಿಸ್ತೇನೆ, ಬೆಳಗ್ಗೆ ಏಳಕ್ಕೆ ತೆಗೀತೇನೆ. ಮೊನ್ನೆ ಬೆರಳು ಮಡಚಿ ಎಣಿಸಿ ನೋಡಿದೆ, ಸರಿಯಾಗಿ ಹತ್ತು ಗಂಟೆ.